ಬಣ್ಣ, ಜಾತಿ, ಅಕ್ಷರ: ಹಾಸ್ಟೆಲ್ ಓದುಕೂಟಕ್ಕೆ ಯಾವ ಪುಟಗಳು, ಓದಿಸುವುದು ಹೇಗೆ?

ಹೇಮಾವತಿ_ದಂಡೆ (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಹಾಸ್ಟೆಲಿನಲ್ಲಿ ಪಿಯುಸಿ ಮಕ್ಕಳಿಗೆ ಎಂಟು ವಾರದ ಓದುಕೂಟ ಶುರು ಮಾಡುವ ತಯಾರಿ ನಡೆದಿದೆ. ವಾರಕ್ಕೊಂದು ಸಲ, ಒಂದೂವರೆ ಗಂಟೆ, 20ರಿಂದ 25 ಮಕ್ಕಳು. ಎಲ್ಲರೂ ಕನ್ನಡ ಮಾಧ್ಯಮದಿಂದ ಬಂದವರು. ವರ್ಣಭೇದ, ಜಾತಿ, ಬಡತನ ಇವುಗಳ ನಡುವೆ ಓದುಬರಹ ಏನು ಮಾಡಿತು ಎಂಬುದನ್ನು ಸಾಹಿತ್ಯ ಹೇಗೆ ತೋರಿಸಿದೆ ಎನ್ನುವುದು ವಿಷಯ. ಇಡೀ ಪುಸ್ತಕ ಓದಿಸಲು ಸಮಯವಿಲ್ಲ. ಯಾವ ಪುಸ್ತಕದ ಯಾವ ಭಾಗ ತೆಗೆದುಕೊಳ್ಳಬೇಕು, ಯಾವ ಕ್ರಮದಲ್ಲಿ? ಇನ್ನೊಂದು ಮಾತು. ಇಂಥ ಕಾರ್ಯಕ್ರಮಗಳು ಬಹುತೇಕ ಕಡೆ "ಕಷ್ಟಪಟ್ಟು ಓದಿದರೆ ಯಾರು ಬೇಕಾದರೂ ಮೇಲೆ ಬರಬಹುದು" ಎಂಬ ಭಾಷಣಕ್ಕೆ ಬಂದು ನಿಲ್ಲುತ್ತವೆ. ಅದನ್ನು ತಪ್ಪಿಸುವ ದಾರಿ ತಿಳಿದವರು ಹೇಳಿ.

ಮಲೆನಾಡ_ಮೇಷ್ಟ್ರು (ಮೂಡಿಗೆರೆ)

ಮೇಡಂ, ನಿಮ್ಮ ಕೊನೆಯ ಮಾತನ್ನೇ ಮೊದಲು ಹಿಡಿಯುತ್ತೇನೆ. ಪುಸ್ತಕದ ಆಯ್ಕೆಯೂ ಅದರ ಮೇಲೇ ನಿಂತಿದೆ.

ಕೂಟ ಭಾಷಣವಾಗುವುದು ನಾವು ಕೇಳುವ ಪ್ರಶ್ನೆಯಿಂದ. "ಇವರು ಹೇಗೆ ಗೆದ್ದರು?" ಎಂದು ಕೇಳಿದರೆ ಛಲ, ಪರಿಶ್ರಮ ಎಂಬ ಉತ್ತರವೇ ಬರುತ್ತದೆ. ಆಗ ಗೆಲ್ಲದವರಿಗೆ ಛಲವಿರಲಿಲ್ಲ ಎಂಬ ಅರ್ಥ ಯಾರೂ ಬಾಯಿಬಿಟ್ಟು ಹೇಳದೆಯೇ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ಮುಂದಿನ ಪರೀಕ್ಷೆಯಲ್ಲಿ ಫೇಲಾದ ಹುಡುಗ ಅದನ್ನು ತನ್ನ ಮೇಲೇ ಹೇರಿಕೊಳ್ಳುತ್ತಾನೆ. ಅದಕ್ಕೆ ಬದಲಾಗಿ ಯಾವ ಪುಸ್ತಕ ಹಿಡಿದರೂ ಇದೇ ನಾಲ್ಕು ಪ್ರಶ್ನೆ ಇಟ್ಟುಕೊಳ್ಳಿ: ಓದನ್ನು ತಡೆದವರು ಯಾರು? ಯಾವುದರಿಂದ ತಡೆದರು, ಕಾನೂನೋ ರೂಢಿಯೋ ಕಾಗದವೋ ದುಡ್ಡೋ? ಅಕ್ಷರ ಎಲ್ಲಿಂದ ಸಿಕ್ಕಿತು, ಅದಕ್ಕೆ ಪ್ರತಿಯಾಗಿ ಏನು ಕೊಡಬೇಕಾಯಿತು? ಓದು ಬಂದ ಮೇಲೂ ಬದಲಾಗದೆ ಉಳಿದದ್ದೇನು? ನಾಲ್ಕನೆಯದನ್ನು ಮಾತ್ರ ಬಿಡಬೇಡಿ. ಒಳ್ಳೆಯ ಲೇಖಕರೆಲ್ಲ ಅದಕ್ಕೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾರೆ. ಪಾಠ ಮಾಡುವ ನಾವು ಆ ಪುಟಗಳನ್ನೇ ಹಾರಿಸಿಬಿಡುತ್ತೇವೆ.

ಮೊದಲ ವಾರಕ್ಕೆ, ಅಮೆರಿಕದಲ್ಲಿ ಗುಲಾಮರಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್ ಅವರ 1845ರ ಆತ್ಮಕಥೆಯ ಆರು ಮತ್ತು ಏಳನೆಯ ಅಧ್ಯಾಯ. ಎರಡೂ ಚಿಕ್ಕವು. ಬಾಲ್ಟಿಮೋರಿನ ಮನೆಯಲ್ಲಿ ಒಡತಿ ಸೋಫಿಯಾ ಆಲ್ಡ್ ಈ ಗುಲಾಮ ಹುಡುಗನಿಗೆ ಅಕ್ಷರಮಾಲೆ ಕಲಿಸಿ, ಮೂರು ನಾಲ್ಕು ಅಕ್ಷರದ ಪದ ಕೂಡಿಸುವಷ್ಟಕ್ಕೆ ತಂದಿರುತ್ತಾಳೆ. ಗಂಡ ಹ್ಯೂ ಆಲ್ಡ್‌ಗೆ ವಿಷಯ ಗೊತ್ತಾಗುತ್ತದೆ. ಓದು ಕಲಿತರೆ ಗುಲಾಮ ಕೆಟ್ಟುಹೋಗುತ್ತಾನೆ, ಮತ್ತೆ ಕೈಗೆ ಸಿಗುವುದಿಲ್ಲ ಎಂದು ಹುಡುಗನ ಎದುರಿಗೇ ಹೆಂಡತಿಗೆ ಹೇಳುತ್ತಾನೆ. ಡಗ್ಲಸ್‌ಗೆ ವಿದ್ಯೆಯ ಬೆಲೆ ತಿಳಿದದ್ದು ಕಲಿಸಿದವಳಿಂದಲ್ಲ, ತಡೆದವನ ಬಾಯಿಂದ. ಈ ಒಂದು ಪುಟವನ್ನು ಎರಡು ಸಲ ಗಟ್ಟಿಯಾಗಿ ಓದಿಸಿ.

ಮುಂದಿನ ಅಧ್ಯಾಯದಲ್ಲಿ ಮೂರನೆಯ ಪ್ರಶ್ನೆಗೆ ಉತ್ತರ ಎಳೆ ಎಳೆಯಾಗಿ ಇದೆ. ಮನೆಯಲ್ಲಿ ರೊಟ್ಟಿಗೆ ಕೊರತೆಯಿರಲಿಲ್ಲ. ಬೀದಿಯ ಬಡ ಬಿಳಿಯ ಹುಡುಗರಿಗೆ ಹಸಿವು. ರೊಟ್ಟಿ ಕೊಟ್ಟು ಪಾಠ ಹೇಳಿಸಿಕೊಳ್ಳುತ್ತಾನೆ. ಹಡಗು ಕಟ್ಟುವ ಅಂಗಳದಲ್ಲಿ ಬಡಗಿಗಳು ಮರದ ತುಂಡಿನ ಮೇಲೆ ಗುರುತು ಹಾಕುತ್ತಿದ್ದರು: ಹಡಗಿನ ಎಡಮಗ್ಗುಲಿಗೆ ಎಲ್, ಬಲಮಗ್ಗುಲಿಗೆ ಎಸ್, ಮುಂಭಾಗವಾದರೆ ಅದರ ಪಕ್ಕ ಎಫ್, ಹಿಂಭಾಗವಾದರೆ ಎ. ಬರೆಯಲು ಕಲಿತ ಮೊದಲ ಅಕ್ಷರಗಳು ಈ ನಾಲ್ಕೇ. ಆಮೇಲೆ "ನನಗೂ ಬರೆಯೋಕೆ ಬರುತ್ತೆ" ಎಂದು ಹುಡುಗರಿಗೆ ಸವಾಲು ಹಾಕಿ, ಅವರು ಮೇಲುಗೈ ತೋರಿಸಲು ಬರೆದದ್ದನ್ನು ನೋಡಿ ಉಳಿದದ್ದನ್ನು ಕಲಿಯುತ್ತಾನೆ. ಒಡೆಯನ ಮಗ ಬರೆದು ಬಿಸಾಕಿದ ಕಾಪಿ ಪುಸ್ತಕದ ಖಾಲಿ ಸಾಲುಗಳಲ್ಲಿ ತಿದ್ದುತ್ತಾನೆ. ಬೇಲಿ, ಗೋಡೆ, ಕಲ್ಲುಚಪ್ಪಡಿ, ಸುಣ್ಣದ ತುಂಡು. ಮಕ್ಕಳು ಇದನ್ನು ಮರೆಯುವುದಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಮತ್ತೆ ಭಾಷಣವೇ. ಅದೇ ಅಧ್ಯಾಯದಲ್ಲಿ, ಗುಲಾಮಗಿರಿಯ ವಿರುದ್ಧದ ವಾದಗಳನ್ನು ಓದಿದ ಮೇಲೆ, ಓದು ತನಗೆ ವರವಲ್ಲ ಶಾಪ ಅನ್ನಿಸಿತು ಎಂದು ಡಗ್ಲಸ್ ಬರೆಯುತ್ತಾರೆ. ತನ್ನ ಸ್ಥಿತಿ ಕಣ್ಣಿಗೆ ಕಟ್ಟುತ್ತದೆ, ಹೊರಬರುವ ಏಣಿ ಮಾತ್ರ ಕಾಣುವುದಿಲ್ಲ. ಏನೂ ತಿಳಿಯದ ಸಂಗಾತಿಗಳನ್ನು ಕಂಡು ಹೊಟ್ಟೆಕಿಚ್ಚುಪಟ್ಟೆ ಎನ್ನುತ್ತಾರೆ. ಆಗ ವಯಸ್ಸು ಸುಮಾರು 12. ತಪ್ಪಿಸಿಕೊಂಡು ಹೋದದ್ದು 1838ರಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ನಡುವಿನ ವರ್ಷಗಳಲ್ಲಿ ಓದು ಬಂದಿತ್ತು, ಬಿಡುಗಡೆ ಬಂದಿರಲಿಲ್ಲ. ನಾಲ್ಕನೆಯ ಪ್ರಶ್ನೆಯನ್ನು ಇಲ್ಲೇ ಕೇಳಬೇಕು.

ಕೆಮ್ಮಣ್ಣು (ಚಿಕ್ಕಮಗಳೂರು)

ಮೇಷ್ಟ್ರು ಬರೆದದ್ದು ಚೆನ್ನಾಗಿದೆ. ಆದರೂ ಒಂದು ಆಕ್ಷೇಪ. ಹಾಸನ, ಚಿಕ್ಕಮಗಳೂರಿನ ಹಾಸ್ಟೆಲ್ ಮಕ್ಕಳ ಮುಂದೆ ಅಮೆರಿಕದ ಬಾಲ್ಟಿಮೋರು, ಮೆಂಫಿಸ್ಸು ಇಡುವುದು ಸುಲಭ. ದೂರದ ಊರಿನ ಅನ್ಯಾಯಕ್ಕೆ ಎಲ್ಲರೂ ಒಂದೇ ದನಿಯಲ್ಲಿ ಮರುಗುತ್ತಾರೆ. ಕೇರಿಯ ಮಾತು ಬಂದಾಗ "ಈಗ ಅದೆಲ್ಲ ಎಲ್ಲಿದೆ" ಅನ್ನುತ್ತಾರೆ. ಅಮೆರಿಕದ ಪುಸ್ತಕಗಳಿಂದ ಶುರು ಮಾಡಿದರೆ ಎಂಟು ವಾರವೂ ಅಲ್ಲೇ ಕಳೆದುಹೋಗುತ್ತದೆ. ಅಂಬೇಡ್ಕರ್, ಸಿದ್ಧಲಿಂಗಯ್ಯ, ಅರವಿಂದ ಮಾಲಗತ್ತಿ ಇರುವಾಗ ಮೊದಲ ವಾರವೇ ಅವರಿಂದ ಶುರುವಾಗಲಿ.

ಮಲೆನಾಡ_ಮೇಷ್ಟ್ರು (ಮೂಡಿಗೆರೆ)

ನಿಮ್ಮ ಆತಂಕ ನ್ಯಾಯವಾದದ್ದು. ಆದರೆ ಕ್ರಮದ ವಿಷಯದಲ್ಲಿ ನನ್ನ ಮಾತು ಬೇರೆ. 25 ಮಕ್ಕಳ ಕೋಣೆಯಲ್ಲಿ ಮೊದಲ ದಿನವೇ ಜಾತಿಯ ಪಠ್ಯ ಇಟ್ಟರೆ ಕೆಲವು ಮಕ್ಕಳ ಮೇಲೆ ಉಳಿದವರ ಕಣ್ಣು ಬೀಳುತ್ತದೆ. ಅವರು ಮಾತು ನಿಲ್ಲಿಸುತ್ತಾರೆ, ಉಳಿದವರು ಎಚ್ಚರಿಕೆಯ ಮಾತಾಡುತ್ತಾರೆ. ಮೊದಲೆರಡು ವಾರ ದೂರದ ಪಠ್ಯದಲ್ಲಿ ನಾಲ್ಕು ಪ್ರಶ್ನೆಗಳನ್ನು ರೂಢಿ ಮಾಡಿಸಿ, ಮೂರನೆಯ ವಾರಕ್ಕೆ ಅದೇ ಪ್ರಶ್ನೆಗಳನ್ನು ಅಂಬೇಡ್ಕರ್ ಪಠ್ಯಕ್ಕೆ ಹಾಕಿದರೆ ಜಾರಿಕೊಳ್ಳಲು ಜಾಗವಿರುವುದಿಲ್ಲ. ಅಲ್ಲಿ "ಯಾರು ತಡೆದರು" ಎಂದು ಹೆಸರು ಹಿಡಿದು ಹೇಳಿದ ಮಕ್ಕಳು ಇಲ್ಲಿಯೂ ಹೇಳಲೇಬೇಕಾಗುತ್ತದೆ. ಮೂರನೆಯ ವಾರ ದಾಟಿಸಬಾರದು ಎನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ಕೆಮ್ಮಣ್ಣು (ಚಿಕ್ಕಮಗಳೂರು)

ಸರಿ, ಮೂರನೆಯ ವಾರಕ್ಕೆ ಒಪ್ಪಿದೆ. ಹಾಗಾದರೆ ಆ ವಾರಕ್ಕೆ ಅಂಬೇಡ್ಕರ್ ಅವರ 'ವೇಟಿಂಗ್ ಫಾರ್ ಎ ವೀಸಾ' ಇರಲಿ. 1930ರ ದಶಕದ ಮಧ್ಯದಲ್ಲಿ ಬರೆದ ಚಿಕ್ಕ ಬರಹ, ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ. ಎಲ್ಲರಿಗೂ ಗೊತ್ತಿರುವುದು ಶಾಲೆಯ ಭಾಗ: ಕೂರಲು ಪ್ರತ್ಯೇಕ ಗೋಣಿತಟ್ಟು, ಕಸ ಗುಡಿಸುವವನೂ ಅದನ್ನು ಮುಟ್ಟುವುದಿಲ್ಲವಾದ್ದರಿಂದ ಸಂಜೆ ಮನೆಗೆ ಹೊತ್ತು ಒಯ್ದು ಬೆಳಿಗ್ಗೆ ಮತ್ತೆ ತರಬೇಕು. ನಲ್ಲಿ ತಿರುಗಿಸಲು ಜವಾನನೇ ಬೇಕು. ಜವಾನ ಬರದ ದಿನ ನೀರಿಲ್ಲ. ಅದರ ಜೊತೆ 1901ರ ರೈಲು ಪ್ರಯಾಣದ ಭಾಗವೂ ಇರಲಿ. ತಂದೆಯ ಬಳಿಗೆ ಹೊರಟು ಮಸೂರು ನಿಲ್ದಾಣದಲ್ಲಿ ಇಳಿದ ಅಂಬೇಡ್ಕರ್ ಮತ್ತು ಜೊತೆಯ ಮಕ್ಕಳ ಜಾತಿ ತಿಳಿದು ಯಾವ ಗಾಡಿಯವನೂ ಬರುವುದಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಒಳ್ಳೆಯ ಬಟ್ಟೆ, ಕೈಯಲ್ಲಿ ದುಡ್ಡು, ತಂದೆಗೆ ಸರ್ಕಾರಿ ನೌಕರಿ, ಎಲ್ಲ ಇದ್ದೂ ರಾತ್ರಿಯಿಡೀ ಕುಡಿಯಲು ನೀರಿಲ್ಲ. ಕಷ್ಟ ಎಂದರೆ ಬಡತನ ಒಂದೇ ಎಂದುಕೊಂಡವರಿಗೆ ಈ ಭಾಗ ಓದಿಸಬೇಕು.

ನಾಲ್ಕನೆಯ ಪ್ರಶ್ನೆಗೆ ಬರೋಡಾ ಭಾಗದಷ್ಟು ನೇರ ಉತ್ತರ ಬೇರೆಲ್ಲೂ ಇಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮನುಷ್ಯ, ಬರೋಡಾ ಸಂಸ್ಥಾನದ ಅಧಿಕಾರಿ. ಉಳಿಯಲು ಕೋಣೆ ಸಿಗುವುದಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿಯುತ್ತಾರೆ. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಬಂದು ಹೊರಗೆ ಹಾಕುತ್ತಾರೆ. ಪದವಿ ಅವರಿಗೆ ನೌಕರಿ ಕೊಟ್ಟಿತು, ತಲೆಯ ಮೇಲೊಂದು ಸೂರು ಕೊಡಲಿಲ್ಲ. ಈ ಭಾಗ ಓದಿಸದೆ ಗೋಣಿತಟ್ಟಿನ ಭಾಗ ಮಾತ್ರ ಓದಿಸಿದರೆ "ಆಗ ಕಷ್ಟವಿತ್ತು, ಓದಿದರು, ಸಂವಿಧಾನ ಬರೆದರು" ಎಂಬ ನೇರ ಗೆರೆ ಎಳೆದುಬಿಡುತ್ತಾರೆ. ಅಂಬೇಡ್ಕರ್ ಸ್ವತಃ ಆ ಗೆರೆ ಎಳೆದಿಲ್ಲ.

ಅನುವಾದ_ಪ್ರಿಯೆ (ಸಕಲೇಶಪುರ)

ಡಗ್ಲಸ್ ಬಗ್ಗೆ ಒಂದು ತಿದ್ದುಪಡಿ ಮುಂಚಿತವಾಗಿ ಹೇಳಿಬಿಡುತ್ತೇನೆ, ಪೀಠಿಕೆ ಹೇಳುವಾಗ ತಪ್ಪಾಗುವ ಜಾಗ ಇದು. "ಅಮೆರಿಕದಲ್ಲಿ ಗುಲಾಮರಿಗೆ ಓದು ಕಲಿಸುವುದನ್ನು ಕಾನೂನು ನಿಷೇಧಿಸಿತ್ತು" ಎಂದು ಒಂದೇ ಸಾಲಿನಲ್ಲಿ ಹೇಳಬೇಡಿ. ಸೌತ್ ಕೆರೊಲೈನಾ 1740ರಲ್ಲೇ ಗುಲಾಮರಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ ಹಾಕಿತ್ತು. 1831ರ ಸುಮಾರಿಗೆ ವರ್ಜೀನಿಯಾ, ನಾರ್ತ್ ಕೆರೊಲೈನಾಗಳಲ್ಲಿ ಕಟ್ಟುನಿಟ್ಟು ಹೆಚ್ಚಾಯಿತು. ಆ ವರ್ಷ ವರ್ಜೀನಿಯಾದಲ್ಲಿ ದಂಗೆ ನಡೆಸಿದ ನ್ಯಾಟ್ ಟರ್ನರ್ ಓದುಬರಹ ಬಲ್ಲವನಾಗಿದ್ದ. ಆದರೆ ಡಗ್ಲಸ್ ಇದ್ದ ಮೇರಿಲ್ಯಾಂಡಿನಲ್ಲಿ ಅಂಥ ಕಾಯ್ದೆ ಇರಲಿಲ್ಲ. ಹ್ಯೂ ಆಲ್ಡ್ "ಕಾನೂನಿಗೆ ವಿರುದ್ಧ" ಎಂದದ್ದು ಊರ ರೂಢಿಯ ಬಲದಿಂದ. ಹಾಗೆ ನೋಡಿದರೆ ಇದು ಪಾಠವನ್ನು ಗಟ್ಟಿ ಮಾಡುತ್ತದೆ. ಗೋಣಿತಟ್ಟಿನ ಮೇಲೆ ಕೂರಿಸಲು ಅಂಬೇಡ್ಕರ್ ಓದಿದ ಸತಾರಾದಲ್ಲಿಯೂ ಯಾವ ಕಾಯ್ದೆಯೂ ಬೇಕಾಗಲಿಲ್ಲ.

ಎರಡನೆಯ ವಾರಕ್ಕೆ ಕಪ್ಪು ಅಮೆರಿಕನ್ ಲೇಖಕ ರಿಚರ್ಡ್ ರೈಟ್ ಅವರ ಆತ್ಮಕಥೆ 'ಬ್ಲ್ಯಾಕ್ ಬಾಯ್' (1945). ಗ್ರಂಥಾಲಯದ ಚೀಟಿಯ ಭಾಗವಷ್ಟೇ ಸಾಕು. ಮೆಂಫಿಸ್ ನಗರ. ಗ್ರಂಥಾಲಯದಲ್ಲಿ ಕಪ್ಪು ಜನರಿಗೆ ಪುಸ್ತಕ ಕೊಡುವುದಿಲ್ಲ, ಬಿಳಿಯರ ಪುಸ್ತಕ ಹೊತ್ತು ತರುವ ಆಳಾಗಿ ಮಾತ್ರ ಒಳಗೆ ಹೋಗಬಹುದು. ಒಬ್ಬ ಐರಿಷ್ ಸಹೋದ್ಯೋಗಿಯ ಕಾರ್ಡ್ ಎರವಲು ಪಡೆದು, "ಈ ಹುಡುಗನ ಕೈಯಲ್ಲಿ ಪುಸ್ತಕ ಕೊಟ್ಟು ಕಳುಹಿಸಿ" ಎಂದು ಆ ಬಿಳಿಯನ ಹೆಸರಿನಲ್ಲಿ ತಾನೇ ಚೀಟಿ ಬರೆಯುತ್ತಾನೆ. ಚೀಟಿಯಲ್ಲಿ ತನ್ನನ್ನು ತಾನೇ, ಬಿಳಿಯರು ಕಪ್ಪು ಜನರಿಗೆ ಬಳಸುವ ಬೈಗುಳದಿಂದ ಕರೆದುಕೊಳ್ಳುತ್ತಾನೆ. ಹಾಗೆ ಬರೆದರೆ ಮಾತ್ರ ಇದು ಬಿಳಿಯನದೇ ಬರಹ ಎಂದು ನಂಬುತ್ತಾರೆ. ಗ್ರಂಥಪಾಲಕಿ ಅನುಮಾನಪಟ್ಟು "ಈ ಪುಸ್ತಕ ನೀನೇ ಓದುವುದಿಲ್ಲ ತಾನೆ?" ಎಂದಾಗ "ನನಗೆ ಓದಲು ಬರುವುದಿಲ್ಲ ಅಮ್ಮ" ಎಂದು ಹೇಳಿ ಪುಸ್ತಕ ಪಡೆಯುತ್ತಾನೆ. ಓದುವುದಕ್ಕಾಗಿ ಓದು ಬಾರದವನಂತೆ ನಟಿಸಬೇಕು. ತಂದ ಪುಸ್ತಕವನ್ನು ಪತ್ರಿಕೆಯಲ್ಲಿ ಸುತ್ತಿ ಒಯ್ಯಬೇಕು. ಇಲ್ಲಿ ಮೇಷ್ಟ್ರ ಎರಡನೆಯ ಪ್ರಶ್ನೆಗೆ ಉತ್ತರ "ಒಂದು ಕಾರ್ಡು, ಒಂದು ಸಹಿ". ಅಷ್ಟು ಚಿಕ್ಕ ವಸ್ತುವಿನಲ್ಲಿ ತಡೆ ಅಡಗಿರುತ್ತದೆ ಎಂಬುದನ್ನು ಈ ಎಂಟು ಹತ್ತು ಪುಟ ತೋರಿಸುವ ಹಾಗೆ ದೊಡ್ಡ ಕಾದಂಬರಿಗಳು ತೋರಿಸುವುದಿಲ್ಲ.

ಬೈಗುಳದ ವಿಷಯಕ್ಕೆ ಬಂದರೆ, ಅನುವಾದಿಸುವಾಗ ಅದನ್ನು ಮೆತ್ತಗೆ ಮಾಡಿ "ಕಪ್ಪು ಹುಡುಗ" ಎಂದು ಬರೆದರೆ ಚೀಟಿಯ ತಂತ್ರವೇ ಅರ್ಥವಾಗುವುದಿಲ್ಲ. 'ಹಕಲ್‌ಬೆರಿ ಫಿನ್' ಕಾದಂಬರಿಯಲ್ಲಿ ಆ ಪದ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. 2011ರಲ್ಲಿ ಅದನ್ನು ತೆಗೆದು "ಗುಲಾಮ" ಎಂದು ಹಾಕಿದ ಒಂದು ಆವೃತ್ತಿ ಬಂದು ದೊಡ್ಡ ಚರ್ಚೆಯಾಯಿತು. ಹಾಸ್ಟೆಲಿನ ಮಟ್ಟಿಗೆ ಒಂದು ನಿಯಮ ಸಾಕು: ಮುದ್ರಿತ ಹಾಳೆಯಲ್ಲಿ ಪದ ಇರಲಿ, ಗಟ್ಟಿಯಾಗಿ ಓದುವವರು ಅಲ್ಲಿ "ಬೈಗುಳ" ಎಂದು ಹೇಳಿ ಮುಂದೆ ಹೋಗಲಿ. ಕನ್ನಡ ಪಠ್ಯಗಳಲ್ಲಿ ಜಾತಿಯ ಹೆಸರನ್ನು ಬೈಗುಳವಾಗಿ ಬಳಸಿದ ಕಡೆಯೂ ಇದೇ ನಿಯಮ. ಓದುವ ಮೊದಲೇ ಹೇಳಿಬಿಡಿ. ನಡುವೆ ತಡವರಿಸಿದರೆ ಯಾರಾದರೂ ನಗುತ್ತಾರೆ, ಆ ನಗು ಒಬ್ಬರ ಎದೆಗೆ ನಾಟುತ್ತದೆ.

ಹೇಮಾವತಿ_ದಂಡೆ (ಹಾಸನ)

ತುಂಬ ಉಪಯೋಗವಾಯಿತು. ಎರಡು ಪ್ರಶ್ನೆ. ಹಾಳೆ ಜೆರಾಕ್ಸ್ ಮಾಡಿ ಹಂಚಬಹುದೇ, ಹಕ್ಕುಸ್ವಾಮ್ಯದ ತೊಡಕು ಬರುತ್ತದೆಯೇ? ಮಕ್ಕಳಿಂದ "ನಿಮ್ಮ ಅನುಭವ ಹಂಚಿಕೊಳ್ಳಿ" ಎಂದು ಬರೆಸುವ ಯೋಚನೆಯೂ ಇದೆ. ಸರಿಯೇ?

ಪುಸ್ತಕಮನೆ (ಬೇಲೂರು)

ಮೇಡಂ, ಹಕ್ಕುಸ್ವಾಮ್ಯದ್ದು ನಾನು ಹೇಳುತ್ತೇನೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಡಗ್ಲಸ್ 1895, ಅಂಬೇಡ್ಕರ್ 1956, ರೈಟ್ 1960ರಲ್ಲಿ ತೀರಿಕೊಂಡವರು. ಪಟ್ಟಿಗೆ ಸೇರಿಸಬಹುದಾದ ಕಪ್ಪು ಅಮೆರಿಕನ್ ಚಿಂತಕರಲ್ಲಿ ಬುಕರ್ ವಾಷಿಂಗ್ಟನ್ 1915, ಡು ಬಾಯ್ಸ್ 1963ರಲ್ಲಿ ತೀರಿಕೊಂಡವರು. ಹಾಗಾಗಿ ಇವರು ಬದುಕಿದ್ದಾಗಲೇ ಪ್ರಕಟಿಸಿದ ಕೃತಿಗಳ ಮೂಲ ಪಠ್ಯ ಇಲ್ಲಿ ಮುಕ್ತ. 'ವೇಟಿಂಗ್ ಫಾರ್ ಎ ವೀಸಾ' ನಂತರ ಪ್ರಕಟವಾದದ್ದು. ಅಂಥವಕ್ಕೆ 60 ವರ್ಷ ಎಣಿಸುವುದು ಪ್ರಕಟಣೆಯಿಂದ. ಅದನ್ನು ಹಂಚಬೇಡಿ, ಪುಸ್ತಕದಿಂದಲೇ ಗಟ್ಟಿಯಾಗಿ ಓದಿ. ಇನ್ನೊಂದು ಎಚ್ಚರ: ಮೂಲ ಮುಕ್ತವಾದರೂ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಮುಕ್ತ ಪಠ್ಯವನ್ನು ನೀವೇ ಅನುವಾದಿಸಿ ಹಂಚುವುದು ಎಲ್ಲಕ್ಕಿಂತ ಸಲೀಸು. ಅಮೆರಿಕದ ಲೇಖಕಿಯರಾದ ಹಾರ್ಪರ್ ಲೀ, ಮಾಯಾ ಏಂಜೆಲೋ, ನಮ್ಮ ಸಿದ್ಧಲಿಂಗಯ್ಯ, ಮಾಲಗತ್ತಿ, ಇವರ ಪುಸ್ತಕಗಳಿಗೆ ಹಕ್ಕು ಜಾರಿಯಲ್ಲಿದೆ. ಪ್ರಕಟಿತ ಕೃತಿಯ ಸಮಂಜಸ ಪ್ರಮಾಣದ ಭಾಗವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲು ಕಾಯ್ದೆಯಲ್ಲೇ ಅವಕಾಶವಿದೆ. ಆದ್ದರಿಂದ ಈ ವಾರಗಳಲ್ಲಿ ನಾಲ್ಕೈದು ಪ್ರತಿ ಪುಸ್ತಕ ತರಿಸಿಟ್ಟು ಸರದಿಯಲ್ಲಿ ಓದಿಸಿ. ತಾಲ್ಲೂಕು ಗ್ರಂಥಾಲಯ, ಪಂಚಾಯಿತಿಯ ಅರಿವು ಕೇಂದ್ರ, ಕಾಲೇಜು ಗ್ರಂಥಾಲಯ ಮೂರು ಕಡೆ ಕೇಳಿದರೆ ಅಷ್ಟು ಪ್ರತಿ ಕೂಡುತ್ತವೆ. ಎರಡು ವಾರ ಮೊದಲೇ ಕೇಳಿ.

ಹಾಳೆಯ ಅಳತೆ: ಎ4 ಹಾಳೆ, 14ರ ಅಕ್ಷರ, ಸಾಲಿನ ನಡುವೆ ಧಾರಾಳ ಜಾಗ. ಅಂಥ ಒಂದು ಪುಟ ಗಟ್ಟಿಯಾಗಿ ಓದಲು ಮೂರರಿಂದ ನಾಲ್ಕು ನಿಮಿಷ. ಒಂದು ಕೂಟಕ್ಕೆ ಆರು ಪುಟ ದಾಟಿಸಬೇಡಿ. ಎರಡೂ ಮಗ್ಗುಲು ಮುದ್ರಿಸಿದರೆ ತಲಾ ಮೂರು ಹಾಳೆ, 25 ಜನಕ್ಕೆ 75 ಹಾಳೆ. ಹಾಳೆಯನ್ನು ಹಿಂದಿನ ದಿನ ಕೊಡಬೇಡಿ, ಓದಿದವರು ಓದದವರು ಎಂದು ಕೋಣೆ ಎರಡು ಭಾಗವಾಗುತ್ತದೆ. ಎಲ್ಲರೂ ಅಲ್ಲೇ ಮೊದಲ ಸಲ ಕೇಳಿದರೆ ಮಾತು ಸಮವಾಗಿ ನಡೆಯುತ್ತದೆ.

ಮಲೆನಾಡ_ಮೇಷ್ಟ್ರು (ಮೂಡಿಗೆರೆ)

ಅನುಭವ ಬರೆಸುವುದು ಬೇಡ ಮೇಡಂ, ಖಂಡಿತ ಬೇಡ. ಹೆಸರಿಲ್ಲದ ಚೀಟಿಯಲ್ಲಿ ಬರೆಸಿದರೂ ಹಾಸ್ಟೆಲಿನಲ್ಲಿ ಅಕ್ಷರ ನೋಡಿದರೆ ಯಾರದು ಎಂದು ಎಲ್ಲರಿಗೂ ಗೊತ್ತು. ಅವಮಾನ ಅನುಭವಿಸಿದವರು ಅದನ್ನು ಉಳಿದವರ ಪಾಠಕ್ಕಾಗಿ ಬಿಚ್ಚಿಡಬೇಕು ಎಂದು ಕೇಳುವ ಹಕ್ಕು ನಮಗಿಲ್ಲ. ಮಾತೆಲ್ಲ ಪಠ್ಯದ ಮೇಲಿರಲಿ. ಯಾರಾದರೂ ತಾವಾಗಿ ಹೇಳಿದರೆ ಕೇಳಿ, ಅದರ ಮೇಲೆ ಪ್ರಶ್ನೆ ಹಾಕಬೇಡಿ, ತೀರ್ಪು ಕೊಡಬೇಡಿ. ಕೊನೆಯ ಹತ್ತು ನಿಮಿಷ ಬರೆಸಬೇಕೆಂದರೆ ನಾಲ್ಕು ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೊಂಡು ಪಠ್ಯದ ಸಾಲು ಹಿಡಿದು ಬರೆಯಲಿ.

ಸಮಯ ಹೀಗೆ ಹಂಚಿಕೊಳ್ಳಿ. ಪೀಠಿಕೆ ಹತ್ತು ನಿಮಿಷ, ಅದಕ್ಕಿಂತ ಉದ್ದವಾದರೆ ಕಥೆಯೆಲ್ಲ ಅಲ್ಲೇ ಹೇಳಿ ಮುಗಿಸಿರುತ್ತೇವೆ. ಓದು 20ರಿಂದ 25 ನಿಮಿಷ. ಆಮೇಲೆ ಒಂದು ಪ್ಯಾರಾವನ್ನು ಮತ್ತೆ ಓದಿಸಿ, ಯಾವ ಪ್ಯಾರಾ ಎಂದು ಮಕ್ಕಳೇ ಹೇಳಲಿ. 40 ನಿಮಿಷ ಮಾತು. ಉಳಿದದ್ದು ಬರಹ.

ಕೆಮ್ಮಣ್ಣು (ಚಿಕ್ಕಮಗಳೂರು)

ಹಾರ್ಪರ್ ಲೀ ಹೆಸರು ಬಂತು. 'ಟು ಕಿಲ್ ಎ ಮಾಕಿಂಗ್‌ಬರ್ಡ್' (1960) ತೆಗೆದುಕೊಂಡರೆ ಎಲ್ಲರೂ ನ್ಯಾಯಾಲಯದ ಭಾಷಣವನ್ನೇ ಆರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಆಯ್ಕೆ. ಅಲ್ಲಿ ಬಿಳಿಯ ವಕೀಲನ ಒಳ್ಳೆಯತನ ಇಡೀ ಕೋಣೆ ತುಂಬಿಕೊಳ್ಳುತ್ತದೆ, ಆಪಾದನೆ ಹೊತ್ತ ಟಾಮ್ ರಾಬಿನ್ಸನ್ ಹಿಂದೆ ಸರಿಯುತ್ತಾನೆ. ಚೋಮನ ದುಡಿಯ (1933) ಬಗ್ಗೆಯೂ ಇದೇ ಪ್ರಶ್ನೆಯನ್ನು ದಲಿತ ವಿಮರ್ಶಕರು ಎತ್ತಿದ್ದಾರೆ: ನೋವನ್ನು ಹೊರಗಿನವರು ಕರುಣೆಯಿಂದ ಬರೆದಾಗ ನೋವುಂಡವರ ಕೈಯಲ್ಲಿ ಏನು ಉಳಿಯುತ್ತದೆ? ಕಾರಂತರು ಚೋಮನಿಗೆ ಬೇಸಾಯದ ಆಸೆ ಕೊಟ್ಟರು, ಅದು ಈಡೇರದ ಕಾರಣವನ್ನು ನಿಷ್ಠುರವಾಗಿ ತೋರಿಸಿದರು. ಅಷ್ಟರ ಮಟ್ಟಿಗೆ ದೊಡ್ಡ ಕೃತಿಯೇ. ಆದರೆ ಅಕ್ಷರದ ಬಾಗಿಲು ಆ ಲೋಕದಲ್ಲಿ ತೆರೆಯುವುದೇ ಇಲ್ಲ. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯಲ್ಲಿ ಅದೇ ಲೋಕದಿಂದ ಬಂದವರು ತಾವೇ ಬರೆಯುತ್ತಾರೆ, ಕರುಣೆಗೆ ಎಡೆಯೇ ಕೊಡದೆ. ಹಾಸ್ಟೆಲ್ ಜೀವನದ ಪುಟಗಳು ಅದರಲ್ಲಿ ಧಾರಾಳವಾಗಿವೆ. ನಿಮ್ಮ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಪಠ್ಯ ಸಿಗಲಾರದು.

ಅನುವಾದ_ಪ್ರಿಯೆ (ಸಕಲೇಶಪುರ)

ಹಾರ್ಪರ್ ಲೀ ಬೇಕೆಂದರೆ 12ನೆಯ ಅಧ್ಯಾಯ ಇದೆಯಲ್ಲ. ವಕೀಲನ ಮನೆಗೆಲಸದ ಕಪ್ಪು ಹೆಂಗಸು ಕ್ಯಾಲ್ಪರ್ನಿಯಾ ಅವನ ಮಕ್ಕಳನ್ನು ತನ್ನ ಜನರ ಚರ್ಚಿಗೆ ಕರೆದೊಯ್ಯುವ ಅಧ್ಯಾಯ. ಇಡೀ ಸಭೆಗೆ ಹಾಡಿನ ಪುಸ್ತಕ ಇಲ್ಲ. ಇದ್ದರೂ ಓದಬಲ್ಲವರು ನಾಲ್ಕೇ ಜನ. ಕ್ಯಾಲ್ಪರ್ನಿಯಾಳ ಮಗ ಜೀಬೊ ಒಂದೊಂದು ಸಾಲು ಹೇಳಿಕೊಡುತ್ತಾನೆ, ಸಭೆ ಅದನ್ನು ಎತ್ತಿಕೊಂಡು ಹಾಡುತ್ತದೆ, ನಮ್ಮ ಸೋಬಾನೆಯಲ್ಲಿ ಒಬ್ಬರು ಹೇಳಿ ಉಳಿದವರು ಸೊಲ್ಲು ಹಿಡಿಯುವ ಹಾಗೆ. ಆ ಜೀಬೊ ಓದು ಕಲಿತದ್ದು ಬೈಬಲ್ಲಿನಿಂದ ಮತ್ತು ಬ್ಲ್ಯಾಕ್‌ಸ್ಟೋನನ ಇಂಗ್ಲಿಷ್ ಕಾನೂನಿನ ಗ್ರಂಥದಿಂದ. ತಾಯಿಯ ಬಳಿ ಇದ್ದ ಪುಸ್ತಕಗಳು ಅವೆರಡೇ. ಶಾಲೆ ಇರಲಿಲ್ಲ. ಮೂರನೆಯ ಪ್ರಶ್ನೆಗೆ ಇದು ಚಿನ್ನದಂಥ ಭಾಗ. ಕ್ಯಾಲ್ಪರ್ನಿಯಾ ಬಿಳಿಯರ ಮನೆಯಲ್ಲಿ ಒಂದು ಭಾಷೆ, ತನ್ನ ಜನರ ನಡುವೆ ಇನ್ನೊಂದು ಭಾಷೆ ಆಡುವುದನ್ನು ಹುಡುಗಿ ಗಮನಿಸಿ ಕೇಳುತ್ತಾಳೆ. ಊರಿನ ಮಾತು, ಕಾಲೇಜಿನ ಮಾತು ಎರಡನ್ನೂ ಆಡುವ ಮಕ್ಕಳಿಗೆ ಅದರ ಬಗ್ಗೆ ಹೇಳಲು ಬಹಳ ಇರುತ್ತದೆ.

ಮಾಯಾ ಏಂಜೆಲೋ ಅವರ 1969ರ ಆತ್ಮಕಥೆಯ 23ನೆಯ ಅಧ್ಯಾಯವನ್ನೂ ಸೇರಿಸಿ. 1940ರ ಶಾಲಾ ಪದವಿ ಸಮಾರಂಭ. ಹೊಸ ಉಡುಪು, ಇಸ್ತ್ರಿ, ಉಡುಗೊರೆ, ಊರಿಗೆ ಊರೇ ಸಂಭ್ರಮದಲ್ಲಿದೆ. ಅತಿಥಿಯಾಗಿ ಬಂದ ಬಿಳಿಯ ಅಧಿಕಾರಿ ಬಿಳಿಯರ ಶಾಲೆಗೆ ಹೊಸ ಸೂಕ್ಷ್ಮದರ್ಶಕ, ರಸಾಯನಶಾಸ್ತ್ರದ ಉಪಕರಣ ಬರುತ್ತವೆ ಎನ್ನುತ್ತಾನೆ. ಕಪ್ಪು ಮಕ್ಕಳ ಶಾಲೆಯ ಹೆಮ್ಮೆ ಅವನಿಗೆ ಆಟಗಾರರು ಮಾತ್ರ. ಬೈಗುಳವಿಲ್ಲ, ಹೊಡೆತವಿಲ್ಲ. ಹೊಗಳಿಕೆಯ ದನಿಯಲ್ಲೇ ಮಕ್ಕಳ ಭವಿಷ್ಯಕ್ಕೆ ಗೆರೆ ಹಾಕಿ ಹೋಗುತ್ತಾನೆ. ಸಾಮಾನ್ಯವಾಗಿ ಮಕ್ಕಳು ಭೇದ ಎಂದರೆ ಹಿಂಸೆ ಎಂದುಕೊಂಡಿರುತ್ತಾರೆ. ಈ ಅಧ್ಯಾಯ ಓದಿದರೆ ಅನುದಾನದ ಪಟ್ಟಿಯಲ್ಲೂ ಅದು ಇರುತ್ತದೆ ಎಂದು ಕಾಣುತ್ತದೆ.

ಕೆಮ್ಮಣ್ಣು (ಚಿಕ್ಕಮಗಳೂರು)

ಆಟಗಾರರ ಮಾತಿನಿಂದ ಒಂದು ಹಳೆಯ ಜಗಳ ನೆನಪಾಯಿತು, ಅದಕ್ಕೆ ಒಂದು ಪೂರ್ತಿ ವಾರ ಕೊಡಿ ಎನ್ನುತ್ತೇನೆ. ಬುಕರ್ ವಾಷಿಂಗ್ಟನ್ ಮತ್ತು ಡು ಬಾಯ್ಸ್. ವಾಷಿಂಗ್ಟನ್ ಅವರ 'ಅಪ್ ಫ್ರಮ್ ಸ್ಲೇವರಿ' (1901) ಪುಸ್ತಕದಲ್ಲಿ ಹ್ಯಾಂಪ್ಟನ್ ಶಾಲೆಯ ಪ್ರವೇಶ ಪರೀಕ್ಷೆ ಬರುತ್ತದೆ. ಸುಮಾರು 500 ಮೈಲಿ ದಾಟಿ, ಜೇಬಿನಲ್ಲಿ 50 ಸೆಂಟ್ ಉಳಿಸಿಕೊಂಡು ಬಂದ ಹುಡುಗನಿಗೆ ಪಕ್ಕದ ಕೋಣೆ ಗುಡಿಸಲು ಹೇಳುತ್ತಾರೆ. ಮೂರು ಸಲ ಗುಡಿಸಿ ನಾಲ್ಕು ಸಲ ಒರೆಸುತ್ತಾನೆ. ಶಿಕ್ಷಕಿ ಕರವಸ್ತ್ರದಿಂದ ಮೇಜು, ಬೆಂಚು ಉಜ್ಜಿ ನೋಡುತ್ತಾಳೆ. ಧೂಳಿಲ್ಲ, ಪ್ರವೇಶ ಸಿಗುತ್ತದೆ. ಎರಡೇ ವರ್ಷಕ್ಕೆ, 1903ರಲ್ಲಿ, 'ದಿ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್' ಪುಸ್ತಕದಲ್ಲಿ ಡು ಬಾಯ್ಸ್ ಒಂದು ಇಡೀ ಅಧ್ಯಾಯ ಮೀಸಲಿಟ್ಟು ವಾಷಿಂಗ್ಟನ್ ದಾರಿಯನ್ನು ಪ್ರಶ್ನಿಸುತ್ತಾರೆ. ಕಸುಬು ಕಲಿಯಿರಿ, ಮತದ ಹಕ್ಕು ಆಮೇಲೆ ನೋಡೋಣ ಎಂದರೆ ಹಕ್ಕೂ ಹೋಗುತ್ತದೆ, ಉನ್ನತ ಶಿಕ್ಷಣವೂ ಹೋಗುತ್ತದೆ ಎಂಬುದು ಅವರ ವಾದ.

ಕೋಣೆ ಗುಡಿಸುವ ಪುಟವನ್ನು ಮೊದಲು ಓದಿಸಿ, ಮಕ್ಕಳು ಮೆಚ್ಚುತ್ತಾರೆ. ಆಮೇಲೆ ಡು ಬಾಯ್ಸ್ ಅಧ್ಯಾಯದ ಎರಡು ಪುಟ ಓದಿಸಿ, ಬಿಳಿಯ ಹುಡುಗರ ಕಾಲೇಜಿಗೆ ಸೇರಲು ಯಾರಾದರೂ ಕಸ ಗುಡಿಸಬೇಕಿತ್ತೇ ಎಂದು ಕೇಳಿ. ಬಡ ಮಕ್ಕಳಿಗೆ ಮಾತ್ರ "ಬೇಗ ಕೆಲಸ ಸಿಗುವ ಕೋರ್ಸ್ ಸೇರಿಕೋ" ಎಂದು ಬುದ್ಧಿ ಹೇಳುವ ಅಭ್ಯಾಸ ನಮ್ಮಲ್ಲೂ ಇದೆ. ಐಟಿಐ ಕೀಳು ಎಂದು ಹೇಳುತ್ತಿಲ್ಲ. ಆಯ್ಕೆ ಯಾರ ಕೈಯಲ್ಲಿದೆ ಎನ್ನುವುದೇ ಪ್ರಶ್ನೆ. ಇಬ್ಬರನ್ನೂ ಪೂರ್ತಿ ಬಲದಿಂದ ವಾದಿಸಲು ಬಿಡಿ, ವಾಷಿಂಗ್ಟನ್ ಅವರನ್ನು ಸೋಲಿಸಲೆಂದೇ ನಿಲ್ಲಿಸಬೇಡಿ. ಶಾಲೆಗಳನ್ನು ಸುಟ್ಟುಹಾಕಬಲ್ಲ ಜನರ ನಡುವೆ ಅವರು 1881ರಿಂದ ಟಸ್ಕೀಗಿಯಲ್ಲಿ ಸಂಸ್ಥೆ ಕಟ್ಟಿ ನಿಲ್ಲಿಸಿದವರು.

ಪುಸ್ತಕಮನೆ (ಬೇಲೂರು)

ನಮ್ಮ ಜಿಲ್ಲೆಯ ಲೇಖಕರ ಹೆಸರು ಇದುವರೆಗೆ ಬಂದಿಲ್ಲ. ಸಂತೇಶಿವರದ ಎಸ್.ಎಲ್. ಭೈರಪ್ಪನವರ ಆತ್ಮಕಥೆ 'ಭಿತ್ತಿ'ಯನ್ನು ಕಷ್ಟದ ಮಾದರಿಯಾಗಿ ತೆಗೆದುಕೊಳ್ಳಬಹುದೇ? ಪ್ಲೇಗಿಗೆ ಮನೆಯವರ ಸಾವು, ವಾರಾನ್ನ, ಊರಿಂದೂರಿಗೆ ಅಲೆದು ಓದಿದ್ದು, ಎಲ್ಲವೂ ಮನಸ್ಸು ಕಲಕುತ್ತದೆ.

ಮಲೆನಾಡ_ಮೇಷ್ಟ್ರು (ಮೂಡಿಗೆರೆ)

ತೆಗೆದುಕೊಳ್ಳಿ, ಆದರೆ ಒಂಟಿಯಾಗಿ ಬೇಡ. ಮಾಲಗತ್ತಿಯವರ ಆತ್ಮಕಥೆ 'ಗೌರ್ಮೆಂಟ್ ಬ್ರಾಹ್ಮಣ'ದ (1994) ಶಾಲೆಯ ಪುಟಗಳ ಜೊತೆಗೇ ಓದಿಸಿ. ಭೈರಪ್ಪನವರ ಬಡತನದ ತೀವ್ರತೆಯಲ್ಲಿ ಯಾವ ಅನುಮಾನವೂ ಇಲ್ಲ, ಅದನ್ನು ಸಣ್ಣದು ಮಾಡಲೂಬಾರದು. ಆದರೆ ವಾರಾನ್ನ ಕೇಳಲು ಹೋದ ಹುಡುಗನಿಗೆ ಒಂದು ಮನೆಯಲ್ಲಿ ಇಲ್ಲ ಎಂದರೆ ಇನ್ನೊಂದು ಮನೆಯ ಬಾಗಿಲಿದೆ. ಅದೇ ಕಾಲದ ದಲಿತ ಹುಡುಗನಿಗೆ ಆ ಬೀದಿಯೇ ಇಲ್ಲ. ಬಡತನ ಮತ್ತು ತಡೆ ಎರಡೂ ಬೇರೆ, ಒಬ್ಬರ ಮೇಲೇ ಎರಡೂ ಬೀಳಬಹುದು. ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದನ್ನು ಇಬ್ಬರ ಪುಟಗಳಿಗೂ ಹಾಕಿ ನೋಡಿದರೆ ಮಕ್ಕಳಿಗೇ ವ್ಯತ್ಯಾಸ ತಿಳಿಯುತ್ತದೆ, ನಾವು ಹೇಳಬೇಕಿಲ್ಲ. ಯಾರ ಕಷ್ಟ ದೊಡ್ಡದು ಎಂಬ ತೂಕಕ್ಕೆ ಇಳಿದರೆ ತಕ್ಷಣ ತಡೆಯಿರಿ. ಆ ಜಗಳ ಶುರುವಾದರೆ ಪಠ್ಯ ಪಕ್ಕಕ್ಕೆ ಹೋಗುತ್ತದೆ.

ಹೆಣ್ಣುಮಕ್ಕಳ ಓದಿನ ಮಾತು ಬಾರದೆ ಎಂಟು ವಾರ ಮುಗಿಯಬಾರದು. ಹಾಸನದವರೇ ಆದ ಬಾನು ಮುಷ್ತಾಕ್ ಅವರ ಒಂದು ಕಥೆಯನ್ನು ಆರಿಸಿಕೊಳ್ಳಿ. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡ ಸಂಕಲನಗಳು ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿವೆ. ಪ್ರಶಸ್ತಿಯ ಮಾತು ಒಂದು ವಾಕ್ಯಕ್ಕೆ ಮುಗಿಸಿ, ಕಥೆಗೆ ಹೋಗಿ.

ಹೇಮಾವತಿ_ದಂಡೆ (ಹಾಸನ)

ಎಲ್ಲರ ಮಾತು ಸೇರಿಸಿ ಹೀಗೆ ಯೋಚಿಸಿದ್ದೇನೆ. ಮೊದಲ ವಾರ ಡಗ್ಲಸ್, ಎರಡನೆಯದು ರೈಟ್, ಮೂರನೆಯದು ಅಂಬೇಡ್ಕರ್, ಬರೋಡಾ ಭಾಗ ಸೇರಿಸಿ. ನಾಲ್ಕಕ್ಕೆ 'ಊರುಕೇರಿ', ಐದಕ್ಕೆ ವಾಷಿಂಗ್ಟನ್ ಮತ್ತು ಡು ಬಾಯ್ಸ್. ಆರಕ್ಕೆ ಏಂಜೆಲೋ, ಸಮಯ ಉಳಿದರೆ ಹಾರ್ಪರ್ ಲೀ. ಏಳಕ್ಕೆ 'ಭಿತ್ತಿ' ಮತ್ತು 'ಗೌರ್ಮೆಂಟ್ ಬ್ರಾಹ್ಮಣ' ಜೊತೆಯಾಗಿ, ಎಂಟಕ್ಕೆ ಬಾನು ಮುಷ್ತಾಕ್. ಅನುವಾದ ಬೇಕಾದದ್ದು ಮೂರು ವಾರಕ್ಕೆ. ಜುಲೈಯಲ್ಲಿ ಶುರು ಮಾಡಬಹುದೇ?

ಅನುವಾದ_ಪ್ರಿಯೆ (ಸಕಲೇಶಪುರ)

ಜುಲೈ ಬೇಡ ಮೇಡಂ. ನಮ್ಮ ಕಡೆ ಮಳೆಗೆ ರಜೆ ಮೇಲೆ ರಜೆ, ಘಟ್ಟದ ಊರುಗಳಿಂದ ಬಂದ ಮಕ್ಕಳು ಮನೆಗೆ ಹೋದರೆ ವಾರ ತಪ್ಪುತ್ತದೆ. ಡಿಸೆಂಬರಿಗೆ ದೂಡಿದರೆ ಕಾಫಿ ಕೊಯ್ಲು. ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳು ಶನಿವಾರ, ಭಾನುವಾರ ಕೈಗೂಡಿಸಲು ತೋಟಕ್ಕೆ ಹೋಗುತ್ತಾರೆ. ಆಗಸ್ಟ್ ಕೊನೆಗೆ ಶುರು ಮಾಡಿದರೆ ದಸರಾ ರಜೆ ಕಳೆದು ನವೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ವಾರದ ನಡುವಿನ ಸಂಜೆ ಇಟ್ಟುಕೊಳ್ಳಿ. ಡಗ್ಲಸ್ ಆರನೆಯ ಅಧ್ಯಾಯದ ಅನುವಾದ ನಾನು ಮಾಡಿ ಇಲ್ಲೇ ಹಾಕುತ್ತೇನೆ. ಏಳನೆಯದನ್ನು ಕೆಮ್ಮಣ್ಣು ಅವರು ತೆಗೆದುಕೊಳ್ಳುತ್ತೀರಾ?

ಕೆಮ್ಮಣ್ಣು (ಚಿಕ್ಕಮಗಳೂರು)

ತೆಗೆದುಕೊಂಡೆ. ಓದು ಶಾಪ ಅನ್ನಿಸಿದ ಪ್ಯಾರಾವನ್ನು ಮೊಟಕು ಮಾಡದೆ ಪೂರ್ತಿ ಕೊಡುತ್ತೇನೆ. ಆರು ಪುಟದ ಮಿತಿ ದಾಟಿದರೆ ರೊಟ್ಟಿಯ ಭಾಗದಲ್ಲಿ ನಾಲ್ಕು ಸಾಲು ಕಡಿಮೆ ಮಾಡೋಣ.